ಪೂರ್ತಿ ಒಂದು ನಿಮಿಷ

ಹೋದ ವಾರ ಹೊಸದುರ್ಗದಿಂದ ಮೂಲೆಗೆ ಕಪ್ಪು ಹಚ್ಚಿದ ಕಾರ್ಡೊಂದು ಹಿರಿಯೂರಿನ ನಮ್ಮ ಮನೆಗೆ ಬಂತು. ಅದನ್ನು ಪೋಸ್ಟ್‌ಮ್ಯಾನ್ ಕೈಯಿಂದ ಈಸಿಕೊಂಡವರು ನಮ್ಮ ಅತ್ತೆ. ಅವರಿಗೆ ಓದು ಬಾರದು, ಆದರೆ ಕಪ್ಪು ಮೂಲೆ ಏನು ಹೇಳುತ್ತದೆಂದು ಗೊತ್ತು. ಕಾರ್ಡನ್ನು ನನಗೆ ಕೊಡದೆ ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತರು. ಆಮೇಲೆ, "ಹೊಸದುರ್ಗದ್ದಂತೆ. ಹಂಗಾದ್ರೆ ನಮ್ಮ ಕಾಂಪೌಂಡ್ರೇ" ಎಂದರು. ನಾನು ಓದಿ ಹೌದೆಂದೆ. ಅವರು ಅಳಲಿಲ್ಲ. ಒಳಗೆ ಹೋಗಿ ಮುಖ ತೊಳೆದು ಬಂದು, ನನ್ನೆದುರು ಕೂತು, ಎಡಗೈಯ ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ, ಕೈ ಚಾಚಿದರು.

"ಎಣಿಸು" ಎಂದರು.

ಬೆಳಿಗ್ಗೆಯೇ ಒಮ್ಮೆ ಎಣಿಸಿ ಆಗಿತ್ತು. ಆದರೂ ವಾಚು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದೆ. ಅರವತ್ತೆಂಟು. ಆ ಮನುಷ್ಯನಿಗೆ ನಮ್ಮ ಮನೆಯಲ್ಲಿ ಸಲ್ಲಬಹುದಾಗಿದ್ದ ಶ್ರದ್ಧಾಂಜಲಿ ಅದೇ ಎಂದು ಅತ್ತೆಗೆ ಹೇಗೆ ಹೊಳೆಯಿತೋ.

ಅವರು ನಮ್ಮೂರ ಆಸ್ಪತ್ರೆಯಲ್ಲಿ ಔಷಧ ಕೊಡುತ್ತಿದ್ದ ಕಾಂಪೌಂಡರು. ಹೆಸರು ಬರೆಯುವುದಿಲ್ಲ, ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹೊಳಲ್ಕೆರೆ ಕಡೆಯವರು, ಹೊರಕೆರೆದೇವಪುರ. ಎತ್ತರದ ಆಳು. ಔಷಧ ಕೊಡುವ ಕಬ್ಬಿಣದ ಜಾಲರಿಯ ಸಣ್ಣ ಕಿಟಕಿ ಗಿಡ್ಡನೆಯವರಿಗೆಂದು ಮಾಡಿದ್ದರಿಂದ, ಅವರು ಇಡೀ ದಿನ ಕತ್ತು ಬಗ್ಗಿಸಿಯೇ ನಿಂತಿರಬೇಕಾಗಿತ್ತು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದರ ಜಾಗದಲ್ಲಿ ಬ್ಯಾಂಡೇಜಿನ ಬಟ್ಟೆಯನ್ನು ಹುರಿಮಾಡಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಗಾಯಕ್ಕೆ ಹಚ್ಚುವ ನೇರಳೆ ಔಷಧದ ಬಣ್ಣ ಅವರ ಬಲಗೈ ಹೆಬ್ಬೆರಳನ್ನು ಬಿಟ್ಟು ಹೋದದ್ದೇ ಇಲ್ಲ. ಹತ್ತಿರ ಬಂದರೆ ಓಮದ ವಾಸನೆ.

ಕುಡಿಯುವ ಔಷಧದ ಸೀಸೆಗೆ ಅವರು ಅಂಟಿಸುತ್ತಿದ್ದ ಕಾಗದದ ಪಟ್ಟಿಯನ್ನು ನೋಡಬೇಕಿತ್ತು. ಹಳೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎರಡೂ ಅಂಚಿಗೆ ಕತ್ತರಿಯಿಂದ ಒಂದೊಂದು ಕಚ್ಚು ಹಾಕಿ ಬಿಡಿಸಿದರೆ, ಮೆಟ್ಟಿಲು ಮೆಟ್ಟಿಲಾದ ಗುರುತು. ಒಂದು ಹೊತ್ತಿಗೆ ಒಂದು ಮೆಟ್ಟಿಲು ಇಳಿಯಬೇಕು. ಓದು ಬಾರದವರಿಗೆ ಮಾತ್ರೆಯ ಪೊಟ್ಟಣದ ಮೇಲೆ ಚಿತ್ರ ಬರೆಯುತ್ತಿದ್ದರು. ಬೆಳಿಗ್ಗೆಗೆ ಕೋಳಿ, ಮಧ್ಯಾಹ್ನಕ್ಕೆ ನೆತ್ತಿಯ ಮೇಲಿನ ಸೂರ್ಯ, ಸಂಜೆಗೆ ಹಟ್ಟಿಗೆ ಮರಳುವ ಕುರಿ. ಕುರಿಯ ಚಿತ್ರ ಮಾತ್ರ ನಾಯಿಯ ಹಾಗೆ ಇರುತ್ತಿತ್ತು. ನಮ್ಮ ಅತ್ತೆಯ ತವರು ಜವನಗೊಂಡನಹಳ್ಳಿ ಕಡೆ, ಕುರಿ ಸಾಕಿದ ಮನೆತನ. ಅವರು ಮೊದಲ ದಿನವೇ, "ಇದ್ಯಾವ ಜಾತಿ ಕುರಿನಪ್ಪ, ಬೊಗಳ್ತೈತೇನು?" ಎಂದು ಕೇಳಿಬಿಟ್ಟಿದ್ದರು. ಕಾಂಪೌಂಡರು ನಗಲಿಲ್ಲ. "ಹೊತ್ತಿಗೆ ಸರಿಯಾಗಿ ಮಾತ್ರೆ ತಗಳ್ದಿದ್ರೆ ಬೊಗಳ್ತೈತೆ" ಎಂದರು.

ಅವರದೊಂದು ಪದ್ಧತಿ ಇತ್ತು. ಪೊಟ್ಟಣವನ್ನು ಜಾಲರಿಯ ಕಂಡಿಯಿಂದ ಹೊರಗೆ ಚಾಚುವರು. ರೋಗಿ ಅದರ ಒಂದು ತುದಿ ಹಿಡಿದರೂ ಇವರು ತಮ್ಮ ತುದಿ ಬಿಡುತ್ತಿರಲಿಲ್ಲ. "ಇದು ಒಳಗೋಗಿ ಏನು ಮಾಡ್ತೈತೆ, ಹೇಳ್ರಿ" ಎನ್ನುವರು. ಹೇಳಿದರೆ ಬಿಡುವರು. ಹೇಳದಿದ್ದರೆ ಮತ್ತೊಮ್ಮೆ ತಿಳಿಸಿ, ಮತ್ತೊಮ್ಮೆ ಕೇಳುವರು. ಹಿಂದೆ ಸಾಲು ಬೆಳೆಯುತ್ತಿತ್ತು, ಜನ ಗೊಣಗುತ್ತಿದ್ದರು. "ನಾವೇನು ಪರೀಕ್ಷೆ ಕಟ್ಟಿದೀವಾ?" ಎಂದು ಒಬ್ಬ ರೇಗಿದಾಗ, "ಮಾತ್ರೆಗೆ ಕಣ್ಣಿಲ್ಲಪ್ಪ. ನಿನಗೈತೆ. ಅದಕ್ಕೇ ನಿನ್ನ ಕೇಳ್ತಿರೋದು" ಎಂದದ್ದನ್ನು ನಾನೇ ಕೇಳಿದ್ದೇನೆ.

ಹಾಗೆ ಕೇಳುವುದಕ್ಕೆ ಕಾರಣವೂ ಇತ್ತು. ಎದೆನೋವಿನ ಒಬ್ಬ ಮುದುಕನಿಗೆ ನಾಲಿಗೆಯ ಕೆಳಗಿಟ್ಟುಕೊಳ್ಳುವ ಚಿಕ್ಕ ಮಾತ್ರೆ ಕೊಟ್ಟಿದ್ದರಂತೆ. ಅದು ಕರಗಿ ಹೃದಯಕ್ಕೆ ಹೋಗುವ ರಕ್ತನಾಳಗಳನ್ನು ಸಡಿಲಿಸಿ ಅಗಲ ಮಾಡುತ್ತದೆ, ಎರಡು ನಿಮಿಷದಲ್ಲಿ ನೋವು ಇಳಿಯುತ್ತದೆ; ತಲೆ ಸುತ್ತುವುದರಿಂದ ಕೂತೇ ಇಟ್ಟುಕೊಳ್ಳಬೇಕು. ಗಾಜಿನ ಸೀಸೆ ಬಿಟ್ಟು ಬೇರೆಲ್ಲಿಟ್ಟರೂ ಅದರ ಶಕ್ತಿ ಹಾರಿಹೋಗುತ್ತದೆ. ಮುದುಕ ಅದನ್ನು ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡು, ನೋವು ಬಂದಾಗಲೆಲ್ಲ ವೀಳ್ಯದ ಜೊತೆ ಅಗಿದು, "ಸರ್ಕಾರದ ಮಾತ್ರೆ ಕೆಲ್ಸ ಮಾಡಲ್ಲ" ಎಂದು ಊರೆಲ್ಲ ಹೇಳಿಕೊಂಡು ಬಂದ. ಅಂದಿನಿಂದ ಈ ಪೊಟ್ಟಣದ ತುದಿ ಹಿಡಿಯುವ ಪದ್ಧತಿ.

ನಾನು ಅವರನ್ನು ಮೊದಲು ಕಂಡದ್ದು ಐದಾರು ವರ್ಷದ ಹಿಂದೆ, ಅತ್ತೆಯ ಕಾಲು ಬಾತುಕೊಂಡಾಗ. ಬೆಳ್ಳಿಯ ಕಡಗ ಮಾಂಸದೊಳಗೆ ಹೂತು ಹೋಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದರು. ಡಾಕ್ಟರು ನೋಡಿ, ಬಿ.ಪಿ. ಬಹಳ ವರ್ಷ ಇದ್ದು ಹೃದಯ ದಣಿದಿದೆ ಎಂದು ಎರಡು ಮಾತ್ರೆ ಬರೆದರು. ಕಿಟಕಿಯ ಬಳಿ ಚೀಟಿ ಕೊಡುವಾಗ ಅದರಲ್ಲಿದ್ದ ಇಂಗ್ಲಿಷನ್ನು ನಾನು ಮೆಲ್ಲಗೆ ಓದಿಕೊಂಡೆನೆಂದು ಕಾಣುತ್ತದೆ. ಅವರು ಕತ್ತು ಇನ್ನಷ್ಟು ಬಗ್ಗಿಸಿ ನನ್ನನ್ನು ನೋಡಿದರು.

"ಎಲ್ಲಿ ಓದಿದ್ದು?"

"ದುರ್ಗದಲ್ಲಿ, ಕಾನ್ವೆಂಟಿನಲ್ಲಿ."

"ವಾಚ್ ಐತಾ? ಸೆಕೆಂಡ್ ಮುಳ್ಳಿರೋದು?"

ಇತ್ತು. ಶಾಲೆ ಮುಗಿದಾಗ ಅಪ್ಪ ಕೊಡಿಸಿದ್ದು. ಸೊಸೆಯಾಗಿ ಬಂದ ಮೇಲೆ ಅಡುಗೆಮನೆಯಲ್ಲಿ ವಾಚು ಕಟ್ಟಿಕೊಂಡು ಓಡಾಡಲು ಸಂಕೋಚ. "ಟ್ರಂಕಿನಲ್ಲಿದೆ" ಎಂದೆ.

"ಟ್ರಂಕು ನಾಡಿ ನೋಡಲ್ಲ. ಕೈಗೆ ಕಟ್ಕಳ್ರಿ."

ಅತ್ತೆ ನನ್ನ ಕಡೆ ತಿರುಗಿ, "ಕಟ್ಕ. ಇಂಗ್ಲಿಷ್ ಸೊಸೆ ತಂದಿದ್ದಕ್ಕೆ ಅಷ್ಟಾದ್ರೂ ಉಪಯೋಗ ಆಗ್ಲಿ" ಎಂದರು.

ಅಂದು ಕಾಂಪೌಂಡರು ಒಳಗಿನ ಬೆಂಚಿನ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ ಪಾಠ ನನಗೆ ಈಗಲೂ ಹಾಗೆಯೇ ನೆನಪಿದೆ. ಮೊದಲನೆಯದು ನೀರು ಮಾತ್ರೆ. "ಹೊಲದಾಗೆ ನೀರು ನಿಂತ್ರೆ ಬದ ಒಡೀತೀರಲ್ಲ, ಹಂಗೆ. ಇದು ಮೂತ್ರಪಿಂಡಕ್ಕೆ ಹೇಳಿ ಮೈಯಾಗಿನ ಹೆಚ್ಚಿನ ಉಪ್ಪನ್ನೂ ನೀರನ್ನೂ ಹೊರಗೆ ಹಾಕಿಸ್ತೈತೆ. ಕಾಲು ಇಳೀತೈತೆ, ಉಸಿರು ಹಗುರಾಗ್ತೈತೆ, ಬಿ.ಪಿ.ನೂ ತಗ್ಗುತೈತೆ. ಆದ್ರೆ ನೀರು ಹೋಗೋವಾಗ ಪೊಟ್ಯಾಸಿಯಂ ಅನ್ನೋ ಸತ್ವಾನೂ ಕೊಚ್ಕೊಂಡು ಹೋಗ್ತೈತೆ. ಅದು ಹೃದಯಕ್ಕೆ ಬೇಕು. ಅದಕ್ಕೆ ದಿನಾ ಬಾಳೆಹಣ್ಣು ತಿನ್ರಿ, ಎಳನೀರು ಕುಡೀರಿ. ಉಪ್ಪಿನಕಾಯಿ ಬಿಡ್ರಿ."

"ಉಪ್ಪಿನಕಾಯಿ ಬಿಡು ಅನ್ನೋದಕ್ಕಿಂತ ಉಸಿರು ಬಿಡು ಅನ್ನಪ್ಪ" ಎಂದರು ಅತ್ತೆ.

"ಉಸಿರು ಬಿಡಾಕೆ ಆಗ್ತಿಲ್ಲ ಅಂತಲೇ ಅಲ್ವೇನಮ್ಮ ನೀವು ಬಂದಿರೋದು?"

ಎರಡನೆಯದು ಡಿಗಾಕ್ಸಿನ್. ಅವರು ಅದನ್ನು ಎಣಿಕೆ ಮಾತ್ರೆ ಎನ್ನುತ್ತಿದ್ದರು. "ಬಾವಿಯಿಂದ ನೀರು ಸೇದೋವಾಗ ದಣಿದವರು ಏನು ಮಾಡ್ತಾರೆ? ಅರ್ಧರ್ಧ ಕೊಡ, ಬಿರಬಿರನೆ ಸೇದ್ತಾರೆ. ಕೆಲಸ ಆಗಲ್ಲ, ಸುಸ್ತು ಮಾತ್ರ. ನಿಮ್ಮ ಹೃದಯ ಈಗ ಅದನ್ನೇ ಮಾಡ್ತೈತೆ. ಈ ಮಾತ್ರೆ ನಿಧಾನಕ್ಕೆ ಸೇದು, ತುಂಬಿದ ಕೊಡ ಸೇದು ಅಂತ ಹೇಳ್ತೈತೆ. ಹೃದಯ ಜೋರಾಗಿ ಹಿಂಡ್ತೈತೆ, ಸಾವಕಾಶ ಬಡೀತೈತೆ." ಆಮೇಲೆ ದನಿ ತಗ್ಗಿಸಿದರು. "ಆದ್ರೆ ಇದು ಸಾರಿಗೆ ಹಾಕೋ ಉಪ್ಪಿನಂಗೆ. ಸಾಕು ಅನ್ನೋದಕ್ಕೂ ಹೆಚ್ಚಾಯ್ತು ಅನ್ನೋದಕ್ಕೂ ನಡುವೆ ಚಿಟಿಕೆಯಷ್ಟೇ ಜಾಗ. ಹೆಚ್ಚಾದ್ರೆ ಕೊಡ ಸೇದೋದೇ ನಿಂತ್ಹೋಗ್ತೈತೆ. ಅದಕ್ಕೇ ದಿನಾ ಕೊಡೋ ಮುಂಚೆ ನಾಡಿ ಎಣಿಸ್ಬೇಕು. ಅರವತ್ತಕ್ಕಿಂತ ಕಮ್ಮಿ ಇದ್ರೆ ಕೊಡಬಾರ್ದು, ಇಲ್ಲಿಗೆ ಬರಬೇಕು."

ನನ್ನ ಮೂರು ಬೆರಳನ್ನು ಅತ್ತೆಯ ಮಣಿಕಟ್ಟಿನ ಮೇಲೆ ಅವರೇ ಇರಿಸಿದರು. ಹದಿನೈದು ಸೆಕೆಂಡಾಗುತ್ತಲೇ ನಾನು ನಾಲ್ಕರಿಂದ ಗುಣಿಸಿ ಉತ್ತರ ಹೇಳಿದೆ. ಲೆಕ್ಕದಲ್ಲಿ ನಾನು ಚುರುಕು, ಮೆಚ್ಚುತ್ತಾರೆಂದು ಕಾದೆ.

"ಅದು ಮಗ್ಗಿ ಆಯ್ತಮ್ಮ, ನಾಡಿ ಆಗಲಿಲ್ಲ. ದಣಿದ ಹೃದಯ ನಡುವೆ ಒಂದು ಏಟು ತಪ್ಪಿಸ್ತೈತೆ, ಒಂದು ಸೇರಿಸ್ತೈತೆ. ಪೂರ್ತಿ ಒಂದು ನಿಮಿಷ ಎಣಿಸ್ರಿ. ಅವರಿಗೆ ಜೀವಮಾನ ಕೊಡಾಕೆ ಹೊರಟಿದೀರಿ, ಒಂದು ನಿಮಿಷ ಕೊಡಾಕೆ ಆಗಲ್ವಾ?"

ಗೆರೆ ಹಾಕಿದ ಒಂದು ಹಾಳೆ ಕೊಟ್ಟರು. ಒಂದು ಕಡೆ ದಿನ, ಒಂದು ಕಡೆ ನಾಡಿ. ಅದನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದೆ. ತಿಂಗಳೊಳಗೆ ಅತ್ತೆಯ ಕಡಗ ಕಾಲಿನಲ್ಲಿ ಮತ್ತೆ ತಿರುಗತೊಡಗಿತು.

ಆಮೇಲೆ ನಾನು ಅವರ ಕಿಟಕಿಗೆ ಹೋದಾಗಲೆಲ್ಲ ನನಗೊಂದು ಕೆಲಸ ಕಾದಿರುತ್ತಿತ್ತು. ಮಾತ್ರೆಯ ಡಬ್ಬಿಯೊಳಗೆ ಸೊಳ್ಳೆಕಾಲಿನಂಥ ಅಕ್ಷರಗಳ ಇಂಗ್ಲಿಷ್ ಕಾಗದ ಬರುತ್ತದಲ್ಲ, ಅದನ್ನು ಓದಿ ಕನ್ನಡದಲ್ಲಿ ಬರೆದುಕೊಡಬೇಕು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಕಣ್ಣು ಸಾಲದಾಗಿತ್ತು. ಹಾಗೆ ಬರೆಯುತ್ತಲೇ ನಾನೂ ಕಲಿತೆ. ಬಿ.ಪಿ.ಗೆ ಆಗ ಹೆಚ್ಚಾಗಿ ಕೊಡುತ್ತಿದ್ದ ರಿಸರ್ಪಿನ್ ನಮ್ಮ ಸರ್ಪಗಂಧಿಯ ಬೇರಿನಿಂದ ಬಂದದ್ದು. ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳ ಒಳಗಿನ ಸರಕನ್ನೇ ಅದು ಬರಿದು ಮಾಡುತ್ತದೆ, ಬಿಗಿ ಸಡಿಲಿದಂತೆ ಒತ್ತಡ ಇಳಿಯುತ್ತದೆ. ಆದರೆ ಕೆಲವರಿಗೆ ಮನಸ್ಸೂ ಇಳಿಯುತ್ತದೆ ಎಂದು ಆ ಕಾಗದದ ಕೊನೆಯಲ್ಲಿತ್ತು. ನಾನದನ್ನು ಓದಿದಾಗ ಅವರು ಗೋಂದಿನ ಕಡ್ಡಿ ಕೆಳಗಿಟ್ಟು, "ಇನ್ನೊಂದ್ಸಲ ಓದ್ರಿ" ಎಂದರು. ನಾಲ್ಕು ತಿಂಗಳಿಂದ ಆ ಮಾತ್ರೆ ಒಯ್ಯುತ್ತಿದ್ದ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಇದ್ದ, ಜಗಳಗಂಟ. ಈಚೆಗೆ ಸಾಲಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದ. "ಒಳ್ಳೇವನಾದ ಅನ್ಕಂಡಿದ್ದೆ" ಎಂದರು. ಅಂದೇ ಮಧ್ಯಾಹ್ನ ಅವನ ಮನೆಗೆ ಹೋದರು. ಆತ ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದನಂತೆ. ಕೈಹಿಡಿದು ಡಾಕ್ಟರ ಬಳಿ ತಂದರು, ಮಾತ್ರೆ ಬದಲಾಯಿತು. ಎರಡು ತಿಂಗಳಿಗೆ ಆತ ಮತ್ತೆ ಸಾಲು ಮುರಿದು ಮುಂದೆ ನುಗ್ಗಿದಾಗ, ಕಾಂಪೌಂಡರು ಬೈಯದೆ ಪೊಟ್ಟಣ ಕೊಟ್ಟರು.

ಅವರು ಎಲ್ಲದರಲ್ಲೂ ಸರಿ ಇದ್ದರೆಂದಲ್ಲ. ಹೊಸದಾಗಿ ಪ್ರೊಪ್ರನಲಾಲ್ ಬಂದಾಗ ಅದನ್ನು ನಂಬಲಿಲ್ಲ. "ಓಡೋ ಕುದುರೆಗೆ ಲಗಾಮು ಹಾಕ್ತೈತೆ ಸರಿ, ಯಾರ ಕೈಯಾಗೈತೆ ಲಗಾಮು?" ಎಂದು ವಾದಿಸಿದರು. ಡಾಕ್ಟರು ವರ್ಷಗಟ್ಟಲೆ ಕೊಟ್ಟು ತೋರಿಸಿದ ಮೇಲೆ, "ನಂದು ತಪ್ಪು" ಎಂದು ಸಾಲಿನವರ ಮುಂದೆಯೇ ಒಪ್ಪಿಕೊಂಡರು. ಒಂದು ಎಚ್ಚರ ಮಾತ್ರ ಬಿಡಲಿಲ್ಲ. ಉಬ್ಬಸ ಇದೆಯೇ ಎಂದು ಕೇಳದೆ ಆ ಪೊಟ್ಟಣದ ತುದಿ ಬಿಡುತ್ತಿರಲಿಲ್ಲ. ತಟ್ಟನೆ ನಿಲ್ಲಿಸಬೇಡಿರೆಂದು ಎರಡು ಸಲ ಹೇಳುತ್ತಿದ್ದರು.

ಈಗ ನನ್ನ ತಪ್ಪನ್ನು ಬರೆಯಬೇಕು.

ಮರುವರ್ಷ ಶ್ರಾವಣ ಬಂತು. ಅತ್ತೆಗೆ ಶ್ರಾವಣದ ಸೋಮವಾರ, ಶನಿವಾರ ಕಟ್ಟುನಿಟ್ಟಿನ ಉಪವಾಸ, ಸಂಜೆ ದೀಪ ಹಚ್ಚುವವರೆಗೆ ಒಂದು ಹನಿ ನೀರೂ ಇಲ್ಲ. ದೀಪ ಹಚ್ಚಿದ ಮೇಲೂ ಒಂದು ಹಿಡಿ ಅವಲಕ್ಕಿ ಬಿಟ್ಟು ಬೇರೇನೂ ಬಾಯಿಗಿಲ್ಲ. ಅಲ್ಲದೆ ಆ ತಿಂಗಳು ಪೂರ್ತಿ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂತರೆ ಯಾರೂ ಅವರನ್ನು ಮುಟ್ಟುವಂತಿಲ್ಲ. ಮೊದಲ ದಿನ ನಾನು ವಾಚು ಕಟ್ಟಿಕೊಂಡು ಹೋಗಿ ನಿಂತೆ. ಅವರು ಕಣ್ಣಲ್ಲೇ ದೂರ ನಿಲ್ಲಿಸಿದರು. ಪೂಜೆ ಮುಗಿಯುವುದರೊಳಗೆ ಒಲೆಯ ಮೇಲೆ ಹಾಲು, ಮಕ್ಕಳಿಗೆ ಸ್ಕೂಲು. ಮಾತ್ರೆಯನ್ನು ಪೂಜೆಯ ತಟ್ಟೆಯ ಪಕ್ಕ ಇಟ್ಟುಬಂದೆ. ಹಾಳೆಯಲ್ಲಿ ಹಿಂದಿನ ದಿನ ಎಪ್ಪತ್ತೆರಡು ಇತ್ತು. ಆ ದಿನಕ್ಕೂ ಎಪ್ಪತ್ತೆರಡು ಎಂದು ಬರೆದೆ. ಮರುದಿನವೂ. ಅಂಕಿಯನ್ನು ಚೆನ್ನಾಗಿ, ದುಂಡಗೆ ಬರೆದೆ, ಕಾನ್ವೆಂಟಿನ ಅಕ್ಷರ.

ಮೂರನೆಯ ವಾರದ ಬುಧವಾರ ಅತ್ತೆ ಬೆಳಿಗ್ಗೆ ಏಳಲಿಲ್ಲ. ಹೊಟ್ಟೆ ತೊಳಸುತ್ತದೆಂದರು, ಬರಿ ನೀರು ವಾಂತಿಯಾಯಿತು. ಸುಣ್ಣ ಬಳಿದು ತಿಂಗಳೂ ಆಗಿರದ ಗೋಡೆಯನ್ನು ನೋಡುತ್ತ, "ಇದಕ್ಯಾವಾಗ ಅರಿಶಿನ ಬಳಿಸ್ದೆ?" ಎಂದು ಕೇಳಿದರು. ನಾನು ಹಿಡಿದಿದ್ದ ಬಿಳಿಯ ಕಾಕಡ ಹೂವನ್ನು, "ಸೇವಂತಿಗೇನಾ?" ಎಂದರು.

ನಮ್ಮ ಯಜಮಾನರು ಕೆಲಸದ ಮೇಲೆ ಹೊರಗೂರಿಗೆ ಹೋಗಿದ್ದರು. ಹಿಂದಿನ ದಿನವೇ ತಮ್ಮ ಹಳ್ಳಿಯಿಂದ ಜೀಪಿನಲ್ಲಿ ಬಂದಿದ್ದ ಅವರಣ್ಣ, ನಮ್ಮ ಭಾವ, ಈ ಮಾತು ಕೇಳಿದ್ದೇ ತಡ, "ಕಾಮಾಲೆ. ಎಲ್ಲ ಹಳದಿ ಅಂತವ್ಳಲ್ಲ. ನಮ್ಮೂರ ಹತ್ರ ಮೂಗಿಗೆ ಹಸಿರೌಷಧಿ ಹಿಂಡೋರು ಅವ್ರೆ, ಮೂರು ದಿನ ಪಥ್ಯ. ಅಲ್ಲಿಗೇ ಕರ್ಕೊಂಡು ಹೋಗಾಣ" ಎಂದು ಹೊರಡಲು ಎದ್ದೇಬಿಟ್ಟರು. ನಾನು, ಅರ್ಧ ಗಂಟೆ ತಾಳಿ ಭಾವ ಎಂದು ಹೇಳಿ, ಸೆರಗು ಹೊದ್ದುಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಕುಟುಂಬ ಯೋಜನೆಯ ಕ್ಯಾಂಪಿಗೆಂದು ಹಳ್ಳಿಗೆ ಹೋಗಿದ್ದರು. ಕಿಟಕಿಯಲ್ಲಿ ಕಾಂಪೌಂಡರಿದ್ದರು. ಸಾಲನ್ನು ದಾಟಿ ಮುಂದೆ ಹೋಗಿ ಹೇಳಿದೆ.

"ನಾಡಿ ಎಷ್ಟಿತ್ತು?" ಎಂದರು.

"ಎಪ್ಪತ್ತೆರಡು ಬರೆದಿದ್ದೇನೆ."

"ಬರ್ದಿದೀರಿ. ಎಷ್ಟಿತ್ತು?"

ನಾನು ಸೆರಗನ್ನು ವಾಚಿನ ಮೇಲೆ ಎಳೆದುಕೊಂಡೆ. ಅವರು ನನ್ನನ್ನು ಎರಡು ಕ್ಷಣ ನೋಡಿದರು. ಆಮೇಲೆ, ಸಾಲಿನಲ್ಲಿ ಅಷ್ಟು ಜನ ನಿಂತಿರುವಾಗಲೇ, ಕಿಟಕಿಯ ಮರದ ಬಾಗಿಲು ಮುಚ್ಚಿದರು. ನರ್ಸಮ್ಮನಿಗೆ ಬೀಗದ ಕೈ ಕೊಟ್ಟು ನನ್ನ ಜೊತೆ ಹೊರಟರು.

ಮನೆಯಲ್ಲಿ ಭಾವ ಆಗಲೇ ಅತ್ತೆಯನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿದ್ದರು. ಕಾಂಪೌಂಡರು ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, ಅತ್ತೆಯ ಕೈ ತೆಗೆದುಕೊಂಡರು. "ವಾಚ್ ನೋಡ್ರಿ, ನಿಮಿಷ ಆದ್ಮೇಲೆ ಹೇಳ್ರಿ" ಎಂದರು ನನಗೆ. ಭಾವ ಬಾಗಿಲಲ್ಲಿ ನಿಂತು, "ಜೀಪು ಹೊರಟು ನಿಂತೈತೆ ಕಣ್ರಿ" ಎಂದರು. ಇವರು ಕತ್ತೆತ್ತಲಿಲ್ಲ. ಮುಳ್ಳು ಒಂದು ಸುತ್ತು ಬರುವುದಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಾದದ್ದು ಆ ದಿನ.

"ನಲವತ್ನಾಕು" ಎಂದರು. "ಇದು ಕಾಮಾಲೆ ಅಲ್ಲ. ದುರ್ಗದ ದೊಡ್ಡಾಸ್ಪತ್ರೆಗೆ ಹೋಗಬೇಕು, ಈಗಲೇ."

"ಡಾಕ್ಟ್ರು ಹೇಳಿದ್ರೆ ಕೇಳಾಣ. ನೀವು ಕಾಂಪೌಂಡ್ರು" ಎಂದರು ಭಾವ. "ಎಲ್ಲ ಹಳದಿ ಕಾಣ್ತೈತೆ ಅಂದ್ರೆ ಕಾಮಾಲೆ ಅಲ್ದೆ ಇನ್ನೇನು?"

ಕಾಂಪೌಂಡರು ಸಿಟ್ಟಾಗಲಿಲ್ಲ. ಭಾವನನ್ನು ಹತ್ತಿರ ಕರೆದು, ತಮ್ಮ ನೇರಳೆ ಹೆಬ್ಬೆರಳಿನಿಂದ ಅತ್ತೆಯ ಕೆಳರೆಪ್ಪೆಯನ್ನು ಎಳೆದು ತೋರಿಸಿದರು. "ಕುರಿ ಕಣ್ಣು ಬಿಡಿಸಿ ನೋಡೋರು ನೀವು, ನೋಡ್ರಿ. ಹಳದಿ ಐತಾ?"

ಭಾವ ಬಗ್ಗಿ ನೋಡಿದರು. "ಬೆಳ್ಳಗೈತೆ."

"ಕಣ್ಣು ಹಳದಿ ಆಗೋದು ಕಾಮಾಲೆ. ಕಣ್ಣಿಗೆ ಹಳದಿ ಕಾಣೋದು ಈ ಮಾತ್ರೆ ಹೆಚ್ಚಾಗಿರೋದು. ಎರಡೂ ಬೇರೆ. ಮೂರು ದಿನ ಪಥ್ಯ ಅಂತ ಕೂರ್ಸಿದ್ರೆ ನಾಕನೇ ದಿನ ಇರಲ್ಲ."

ಭಾವ ಅಲ್ಲೇ ನೆಲದ ಮೇಲೆ ಕೂತರು. ಕಾಂಪೌಂಡರು ಮಾತ್ರೆಯ ಸೀಸೆ ತರಿಸಿ ಅಂಗೈಗೆ ಸುರಿದುಕೊಂಡು ಎಣಿಸಿದರು. ಮೂವತ್ತು ಮಾತ್ರೆಯ ಹೊಸ ಸೀಸೆಯನ್ನು ಶ್ರಾವಣ ಹಿಡಿದ ದಿನ, ಸೋಮವಾರ, ಒಡೆದದ್ದು. ನಿನ್ನೆಗೆ ಹದಿನಾರು ದಿನ. "ಹದಿನಾಕು ಇರಬೇಕು. ಒಂಬತ್ತವೆ. ಐದು ಎಲ್ಲೋದ್ವಮ್ಮ?"

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು. ಉಪವಾಸದ ದಿನ ಅವಲಕ್ಕಿ ಬಿಟ್ಟು ಬಾಯಿಗೆ ಏನೂ ಹಾಕುವಂತಿಲ್ಲ. ಆ ದಿನದ ಮಾತ್ರೆಯನ್ನು ಸಂಚಿಯಲ್ಲಿಟ್ಟುಕೊಂಡು ಮರುದಿನ ಅಂದಿನದರ ಜೊತೆ ನುಂಗುತ್ತಿದ್ದರು. ಅದರ ಮೇಲೆ ಸೀಸೆಯಿಂದ ಇನ್ನೊಂದು. "ದೇವ್ರಿಗೆ ಒಂದು ವಾರ ತಪ್ಪಿದ್ರೆ ತಪ್ಪುಕಾಣಿಕೆ ಅಂತ ಒಂದು ಹೆಚ್ಚಿಗೆ ಇಡಲ್ವೇನಪ್ಪ? ಮಾತ್ರೆಗೂ ಹಂಗೇ ಇಟ್ಟೆ. ನೀರು ಮಾತ್ರೆಗೂ ಇಟ್ಟೀನಿ. ಯಾರ್ದೂ ಬಾಕಿ ಉಳಿಸ್ಕಂಡಿಲ್ಲ."

ಒಂದರ ಬದಲು ಮೂರು, ವಾರಕ್ಕೆರಡು ಸಲ. ನೀರು ಮಾತ್ರೆಯೂ ಹಾಗೆಯೇ ಹೆಚ್ಚಾಗಿ ಆ ಪೊಟ್ಯಾಸಿಯಂ ಸತ್ವವನ್ನೆಲ್ಲ ತೊಳೆದಿತ್ತು. ಉಪವಾಸವೆಂದು ಬಾಳೆಹಣ್ಣೂ ಇಲ್ಲ, ಎಳನೀರೂ ಇಲ್ಲ. ಅದು ಕಡಿಮೆಯಾದ ಮೈಯಲ್ಲಿ ಎಣಿಕೆ ಮಾತ್ರೆ ಇನ್ನೂ ಬೇಗ ವಿಷವಾಗುತ್ತದೆ. ನಾನು ಒಂದೇ ಒಂದು ದಿನ ಕೈ ಹಿಡಿದು ಎಣಿಸಿದ್ದರೆ ಇದೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

ಕಾಂಪೌಂಡರು ಎದ್ದು ಅಡುಗೆಮನೆಗೆ ಹೋಗಿ ಮೊಳೆಯಿಂದ ಹಾಳೆ ತೆಗೆದರು. ಮೇಲಿನಿಂದ ಕೆಳಗೆ ನೋಡಿದರು. ಎಪ್ಪತ್ತೆರಡು, ಎಪ್ಪತ್ತೆರಡು, ಎಪ್ಪತ್ತೆರಡು. ಯಾರಿಗೂ ತೋರಿಸದೆ ಮಡಿಸಿ ಜೇಬಿಗೆ ಹಾಕಿಕೊಂಡರು.

ಭಾವನ ಅದೇ ಜೀಪಿನಲ್ಲಿ ದುರ್ಗಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲೆ, ಅವರ ಕೈ ಕಾಂಪೌಂಡರ ಕೈಯಲ್ಲಿ. ಊರು ದಾಟಿದ ಮೇಲೆ ಅವರು ಹಾಳೆಯನ್ನೂ ಪೆನ್ಸಿಲ್ಲನ್ನೂ ನನ್ನ ಕಡೆ ಚಾಚಿದರು. ಮುಂದಿನ ಸೀಟಿಗೆ ಕೇಳಿಸದಂತೆ ಹೇಳಿದರು.

"ಮನುಷ್ಯರ ನಾಡಿ ಎರಡು ದಿನ ಒಂದೇ ಇರಲ್ಲಮ್ಮ. ಅಲ್ಲಿ ಡಾಕ್ಟ್ರು ಇದನ್ನ ನಂಬಿದ್ರೆ ನಿನ್ನೆವರೆಗೂ ಸರಿಯಿತ್ತು ಅನ್ಕಂತಾರೆ, ಬೇರೆ ಏನೋ ಹುಡುಕ್ತಾರೆ. ಯಾವುದು ನಿಜ, ಯಾವುದಲ್ಲ, ನೀವೇ ಬರೀರಿ."

ಜೀಪು ಕುಲುಕುತ್ತಿತ್ತು. ಶ್ರಾವಣದ ಒಂದೊಂದು ಎಪ್ಪತ್ತೆರಡರ ಮುಂದೆಯೂ 'ಎಣಿಸಿಲ್ಲ' ಎಂದು ಬರೆದೆ. ಹದಿನಾರು ಸಲ. ಅಕ್ಷರ ಸೊಟ್ಟಪಟ್ಟ ಬಂತು. ಕೊನೆಯಲ್ಲಿ ಆ ಬುಧವಾರದ ಎದುರು ನಲವತ್ನಾಲ್ಕು ಎಂದು ಬರೆದೆ. ದುರ್ಗದ ಡಾಕ್ಟರಿಗೆ ಹಾಳೆಯನ್ನು ನಾನೇ ಕೊಟ್ಟೆ, ಭಾವನ ಎದುರಿಗೇ. ಡಾಕ್ಟರು ಅದನ್ನೂ ಸೀಸೆಯನ್ನೂ ನೋಡಿ, ಮಾತ್ರೆ ಎರಡನ್ನೂ ನಿಲ್ಲಿಸಿ, ಎದೆಬಡಿತದ ಇ.ಸಿ.ಜಿ. ಪಟ್ಟಿ ತೆಗೆಸಿ, ಪೊಟ್ಯಾಸಿಯಂ ಔಷಧ ಕುಡಿಸತೊಡಗಿದರು. ಮೂರನೆಯ ದಿನ ಗೋಡೆಗಳು ಬೆಳ್ಳಗಾದವು. ಒಂಬತ್ತನೆಯ ದಿನ ಅತ್ತೆ ಉಪ್ಪಿನಕಾಯಿ ಕೇಳಿದರು.

ಕಾಂಪೌಂಡರು ಆಮೇಲೆ ನನ್ನನ್ನು ಬೈಯಲಿಲ್ಲ. "ನಂದೂ ತಪ್ಪೈತೆ. ಮಾತ್ರೆ ಕೊಟ್ಟೆ, ಉಪವಾಸ ಐತಾ ಅಂತ ಕೇಳ್ಲಿಲ್ಲ" ಎಂದರಷ್ಟೆ. ಆದರೆ ಅತ್ತೆ ಉಪವಾಸದ ದಿನ ಮಾತ್ರೆ ನುಂಗಲು ಒಪ್ಪಲೇ ಇಲ್ಲ. "ಔಷಧಿ ಊಟ ಅಲ್ಲಮ್ಮ" ಎಂದು ಇವರು, "ಹೊಟ್ಟೆಗೋಗೋದೆಲ್ಲ ಊಟನೇ" ಎಂದು ಅವರು. ಇಬ್ಬರೂ ಬಿಡುವವರಲ್ಲ. ದುರ್ಗದ ಡಾಕ್ಟರು ಆ ಮಾತ್ರೆಯನ್ನು ಮತ್ತೆ ಶುರು ಮಾಡುವಾಗ ವಾರಕ್ಕೆ ಐದೇ ದಿನ, ಎರಡು ದಿನ ಬಿಡುವು ಎಂದು ಬರೆದಿದ್ದರು. ಕಾಂಪೌಂಡರು ಚೀಟಿ ಹಿಡಿದುಕೊಂಡು ಬಸ್ಸು ಹತ್ತಿ ಮತ್ತೆ ದುರ್ಗಕ್ಕೆ ಹೋಗಿ, ಬಿಡುವಿನ ದಿನ ಯಾವುದಾದರೂ ಆಗಬಹುದೇ ಎಂದು ಕೇಳಿಕೊಂಡು ಬಂದರು. "ಸೋಮವಾರ, ಶನಿವಾರ ರಜ. ದೇವ್ರೂ ಡಾಕ್ಟ್ರೂ ಒಂದೇ ದಿನ ಕೊಟ್ಟವ್ರೆ, ಇನ್ನೇನು ತಕರಾರು?" ಎಂದರು. ಅತ್ತೆಗೆ ತಕರಾರು ಹುಡುಕಲು ಸಾಕಷ್ಟು ಹೊತ್ತು ಹಿಡಿಯಿತು, ಸಿಗಲಿಲ್ಲ. ತಪ್ಪಿದರೆ ತಪ್ಪಿತು, ಸೇರಿಸಿ ನುಂಗುವುದಿಲ್ಲ ಎಂದು ಕಾಂಪೌಂಡರ ಮುಂದೆ ದೇವರ ಭಂಡಾರದ ಅರಿಶಿನ ಮುಟ್ಟಿ ಹೇಳಿದರು. ನಾಡಿ ಎಣಿಸುವುದು ಮಾತ್ರ ನೀರು ಹಾಕಿಕೊಳ್ಳುವುದಕ್ಕೆ ಮುಂಚೆ ಎಂದು ನಾನು ಹೇಳಿದೆ. ಅಪ್ಪಣೆ ಕೇಳಲಿಲ್ಲ, ಹೇಳಿದೆ. ಆ ಮನೆಯಲ್ಲಿ ನಾನು ಹಾಗೆ ಹೇಳಿದ ಮೊದಲ ಮಾತು ಅದು.

ಆ ವರ್ಷದಿಂದ ಅವರ ಕಿಟಕಿಯಲ್ಲಿ ಒಂದು ಪ್ರಶ್ನೆ ಹೆಚ್ಚಾಯಿತು. ಏನು ಮಾಡುತ್ತದೆಂದು ಹೇಳಿದರೂ ಪೊಟ್ಟಣ ಬಿಡುತ್ತಿರಲಿಲ್ಲ. "ಯಾವ್ಯಾವ ದಿನ ಒಪ್ಪತ್ತು?" ಎಂದು ಕೇಳುವರು. ರಂಜಾನಿಗೆ ಮುಂಚೆ ಮಸೀದಿ ಬೀದಿಯವರನ್ನು ತಾವಾಗಿ ಕರೆಸಿ, ಡಾಕ್ಟರನ್ನು ಕೇಳಿ, ಮಾತ್ರೆಯ ಹೊತ್ತು ಬದಲಿಸಿ ಕೊಡುವರು. ಪೊಟ್ಟಣದ ಮೇಲೆ ಕೋಳಿಗೂ ಕುರಿಗೂ ಜೊತೆಯಾಗಿ ಒಂದು ಸಣ್ಣ ಚಂದ್ರ ಬಂತು.

ನಿವೃತ್ತಿಯಾದ ಮೇಲೆ ಅವರು ಹೊಸದುರ್ಗದಲ್ಲಿ ಮಗಳ ಮನೆಗೆ ಹೋದರು. ಹೋದ ವರ್ಷ ಅವರಿಗೇ ಹೃದಯ ದಣಿದಿದೆಯೆಂದು ತಿಳಿದು ಅತ್ತೆ ನೋಡಲೇಬೇಕೆಂದು ಹಟ ಹಿಡಿದರು. ಬಸ್ಸಿನಲ್ಲಿ ಹೋದೆವು. ಹಜಾರದಲ್ಲಿ ಬೆತ್ತದ ಕುರ್ಚಿಯಲ್ಲಿದ್ದರು. ಪಾದಗಳು ಬಾತಿದ್ದವು, ಹೆಬ್ಬೆರಳು ಮೊದಲ ಸಲ ಬೆಳ್ಳಗಿತ್ತು.

"ಎಳನೀರು ಕುಡೀತೀಯೇನಪ್ಪ? ಉಪ್ಪಿನಕಾಯಿ ಬಿಟ್ಟೀಯ?" ಎಂದು ಅತ್ತೆ ಬಾಗಿಲಿನಿಂದಲೇ ಶುರುಮಾಡಿದರು.

"ಬಿಟ್ಟೀನಿ ತಾಯಿ. ನಿಮ್ಮ ಶಾಪ ತಟ್ಟೈತೆ" ಎಂದು ನಕ್ಕರು. ಪಕ್ಕದ ಸ್ಟೂಲಿನ ಮೇಲೆ ಅದೇ ಎಣಿಕೆ ಮಾತ್ರೆ, ಅದೇ ಗೆರೆ ಹಾಕಿದ ಹಾಳೆ. ಮಗಳು ಒಳಗೆ ಕಾಫಿ ಮಾಡುತ್ತಿದ್ದಳು. ಅವರು ಕೈ ಚಾಚಿ, "ಇವತ್ತು ನೀವೇ ಎಣಿಸ್ರಿ" ಎಂದರು.

ಪೂರ್ತಿ ಒಂದು ನಿಮಿಷ ಎಣಿಸಿದೆ. ಐವತ್ತೆಂಟು. ಹೇಳಿದೆ.

ಅವರು ಒಳಮನೆಯ ಕಡೆ ನೋಡಿದರು. "ಅರವತ್ತು ಅಂತ ಬರೀರಿ. ಮಗಳು ಹೆದರ್ತಾಳೆ. ಎರಡು ತಾನೆ."

ನನ್ನನ್ನು ಪರೀಕ್ಷಿಸಿದರೋ, ನಿಜವಾಗಿ ಕೇಳಿದರೋ, ನಾನು ಅವರ ಮುಖ ನೋಡಲಿಲ್ಲ. ಐವತ್ತೆಂಟು ಎಂದು ಬರೆದು ಹಾಳೆಯನ್ನು ಅವರ ಕಡೆ ಚಾಚಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಸ್ಟೂಲಿನ ಮೇಲೆ ಇಡಲೆಂದು ನಾನು ಹಾಳೆಯನ್ನು ಹಿಂದಕ್ಕೆ ಎಳೆದರೆ ಬರಲಿಲ್ಲ. ಅದರ ಇನ್ನೊಂದು ತುದಿ ಅವರ ಬೆರಳಲ್ಲಿ ಬಿಗಿಯಾಗಿತ್ತು.

"ಅಂದ್ರೆ ಈಗ ಏನು ಮಾಡ್ಬೇಕು, ಹೇಳ್ರಿ" ಎಂದರು.

"ಇವತ್ತು ಮಾತ್ರೆ ಕೊಡಬಾರದು. ಡಾಕ್ಟರಿಗೆ ತೋರಿಸಬೇಕು. ಮಗಳಿಗೆ ಹೇಳಬೇಕು."

ಆಗ ಬಿಟ್ಟರು.